ಮೊದಲು ಎದುರಾದವಳು

ಗೆದ್ದು ಬಂದರೆ, ಮನೆಯಿಂದ ಮೊದಲು ಎದುರು ಬರುವ ಜೀವವನ್ನು ಬಲಿ ಕೊಡುವೆನೆಂದು ದಂಡನಾಯಕ ದೇವರಿಗೆ ಹರಕೆ ಹೊತ್ತಿದ್ದ. ಗೆದ್ದೂ ಬಂದ. ಗೆದ್ದವರನ್ನು ಹೆಂಗಸರು ದಮ್ಮಡಿ ಬಡಿದು ಕುಣಿಯುತ್ತ ಎದುರುಗೊಳ್ಳುವುದು ಆ ಕುಲದ ಪದ್ಧತಿ. ಎಲ್ಲರಿಗಿಂತ ಮೊದಲು ಓಡಿ ಬಂದವಳು ಅವನ ಒಬ್ಬಳೇ ಮಗಳು.

ಹರಕೆಯ ವಿಷಯ ಹೆಂಡತಿಗೆ ತಿಳಿದದ್ದೇ ಆಗ. ಗಂಡ ಬಟ್ಟೆ ಹರಿದುಕೊಂಡು ಅಂಗಳದ ಮಣ್ಣಿನಲ್ಲಿ ಕುಳಿತು ಅಳುತ್ತಿದ್ದ. "ದೇವರಿಗೆ ಕೊಟ್ಟ ಮಾತು ಅಪ್ಪಾ, ತಪ್ಪಬೇಡ" ಎಂದು ಮಗಳೇ ಅವನ ಬೆನ್ನು ಸವರುತ್ತಿದ್ದಳು. ತಾಯಿಗೆ ಮಾತ್ರ ಅಳು ಬರಲಿಲ್ಲ.

"ಹರಕೆ ಹೊರುವಾಗ ಏನು ಬರುತ್ತೆ ಅಂದ್ಕೊಂಡಿದ್ರಿ? ಕುರೀನಾ?"

"ಕುರಿ ಹಿತ್ತಲ ಹಟ್ಟಿಯಲ್ಲಿರುತ್ತೆ."

"ಮತ್ತೆ ನಾಯೀನಾ?"

"ನಾಯೀನ ದೇವರು ಒಪ್ತಾನಾ? ಹರಕೆ ಅಂದ್ಮೇಲೆ ಬೆಲೆಯಿರೋದನ್ನೇ ಕೊಡ್ಬೇಕು."

"ಹಾಗಾದ್ರೆ ಮಗಳೇ ಬರ್ತಾಳೆ ಅಂತ ಗೊತ್ತಿತ್ತು ನಿಮಗೆ!"

"ಅಯ್ಯೋ, ದೇವರಾಣೆ ಇಲ್ಲ ಕಣೇ!" ಅವನು ತಲೆಯೆತ್ತಿ ಅವಳ ಮುಖ ನೋಡಿದ. "ಯಾವಾಗಲೂ ಕಾಲಿಗೆ ನೀರು ತಗೊಂಡು ಮೊದಲು ಬರ್ತಿದ್ದವಳು ನೀನು. ಇವತ್ತು ಯಾಕೆ ತಡ ಮಾಡ್ದೆ?"