ಹದಿಮೂರನೆಯ ಕೈ

"ಈ ಆರು ಮಂದಿ ಪಕ್ಕಕ್ಕ ಇನ್ನೊಬ್ಬಾಕೀನ ನಿಲ್ಲಿಸಿ ಕೊಡ್ರಿ, ಕಾಕಾ" ಎಂದು ಹುಡುಗಿ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟಾಗ ಅಂಬಾದಾಸನಿಗೆ ಕೆಲಸಕ್ಕಿಂತ ಮೊದಲು ಕುತೂಹಲ ಹುಟ್ಟಿತು. ಅಬಿಡ್ಸ್ ಪೇಟೆಯಲ್ಲಿದ್ದ ಅವನ ಫೋಟೋ ಸ್ಟುಡಿಯೋಕ್ಕೆ ಬರುವ ಮುಕ್ಕಾಲು ಮಂದಿಗೆ ಯಾರನ್ನಾದರೂ ಫೋಟೋದಿಂದ ತೆಗೆಸುವುದೇ ಬೇಕಾಗಿರುತ್ತಿತ್ತು. ನಿಶ್ಚಿತಾರ್ಥ ಮುರಿದ ಗಂಡು, ಹೊಲದ ಜಗಳದಲ್ಲಿ ಮಾತು ಬಿಟ್ಟ ಭಾವ, ಹೀಗೆ. ಸೇರಿಸುವುದೆಂದರೆ ಸತ್ತವರನ್ನು ಮಾತ್ರ. ಮಗಳ ಮದುವೆಯ ಫೋಟೋದಲ್ಲಿ ಅಪ್ಪನೂ ಇರಲಿ ಎಂದು.

"ಈಕಿ ತೀರಿಕೊಂಡಾಳೇನು?" ಎಂದು ಕೇಳಿದ.

"ಇಲ್ರಿ. ಮನಿಗಿ ಕಳಿಸ್ಯಾರ."

ಹುಡುಗಿಯ ಹೆಸರು ಕುಮುದಾ. ಮೆಹದಿಪಟ್ಟಣಂನಲ್ಲಿ ಹತ್ತನೆಯ ತರಗತಿ ಓದುತ್ತಿದ್ದಳು. ಸ್ಟುಡಿಯೋದವರು ನಮ್ಮ ಹುಮನಾಬಾದಿನ ಕಡೆಯವರು, ಕೆಲಸ ನೆಟ್ಟಗೆ ಮಾಡಿಕೊಡುತ್ತಾರೆ ಎಂದು ಅವಳ ಅವ್ವನೇ ಕಳಿಸಿದ್ದಳಂತೆ. ಫೋಟೋದಲ್ಲಿದ್ದವರು ಕೊರಿಯಾದ ಹಾಡಿನ ತಂಡದ ಹುಡುಗಿಯರು. ತಂಡದ ಹೆಸರನ್ನು ಎರಡು ಸಲ ಹೇಳಿದಳು. ಅಂಬಾದಾಸನ ನಾಲಿಗೆ ಹೊರಳಲಿಲ್ಲ. ಕಥೆ ಮಾತ್ರ ಬಿಡದೆ ಕೇಳಿದ. ಒಂದು ಕಂಪನಿ ಸಾವಿರಾರು ಹುಡುಗಿಯರನ್ನು ಹಾಡಿಸಿ, ಕುಣಿಸಿ, ಏಳು ಮಂದಿಯನ್ನು ಆರಿಸಿತಂತೆ. ನಾಲ್ಕು ವರ್ಷ ಒಂದೇ ಮನೆಯಲ್ಲಿಟ್ಟು, ಫೋನು ಕಸಿದುಕೊಂಡು, ಊಟ ತೂಗಿ ಕೊಟ್ಟು ಕಲಿಸಿತಂತೆ. ಅಡುಗೆ ಮಾಡುವವರು ಯಾರು, ಹಬ್ಬಕ್ಕಾದರೂ ಮನೆಗೆ ಬಿಡುತ್ತಿದ್ದರೋ ಇಲ್ಲವೋ ಎಂದು ಅಂಬಾದಾಸ ಕೆದಕಿ ಕೆದಕಿ ಕೇಳಿದ್ದಕ್ಕೆಲ್ಲ ಅವಳು ಸೋದರಮಾವನ ಮನೆಯ ಸುದ್ದಿ ಹೇಳುವಷ್ಟು ಸಲೀಸಾಗಿ ಉತ್ತರ ಕೊಟ್ಟಳು. ಎರಡು ತಿಂಗಳ ಹಿಂದೆ ಅವರ ಮೊದಲ ಹಾಡು ಹೊರಬಂತು. ಅದಕ್ಕೆ ಹತ್ತು ದಿನ ಮೊದಲು, ಮಿನ್ಹಿ ಎಂಬವಳು ಇನ್ನು ತಂಡದಲ್ಲಿಲ್ಲ ಎಂದು ಕಂಪನಿ ಎರಡು ಸಾಲು ಬರೆದು ಕೈತೊಳೆದುಕೊಂಡಿತು. ವೇದಿಕೆಗೆ ಬಂದದ್ದು ಆರೇ ಮಂದಿ. ಹಾಡಿಗೆ ಭಾರೀ ಹೆಸರು ಬಂತು.

ಅವಳೇನು ತಪ್ಪು ಮಾಡಿದಳು ಎಂದರೆ ಯಾರಿಗೂ ಗೊತ್ತಿಲ್ಲ. ಈಗೆಲ್ಲಿದ್ದಾಳೆ ಎಂದರೆ ಅದೂ ಗೊತ್ತಿಲ್ಲ. ಅಂಬಾದಾಸನಿಗೆ ಸಮಾಧಾನವಾಗಲಿಲ್ಲ. "ಇರ್ಲಿ, ಆಕೀ ಚಿಂತಿ ಆಕೀ ಅವ್ವ ಅಪ್ಪ ಮಾಡ್ತಾರ. ನಿನಗ್ಯಾಕ ಬೇಕು ಆಕಿ?"

ಕುಮುದಾ ಮೇಜು ನೋಡುತ್ತ ಹೇಳಿದಳು. ಅವರ ಕಾಲೊನಿಯ ಏಳು ಹುಡುಗಿಯರು, ಕಂಪನಿ ಬಿಟ್ಟಿದ್ದ ಕಲಿಕೆಯ ದಿನಗಳ ವಿಡಿಯೋ ನೋಡಿ ನೋಡಿ, ಒಂದು ವರ್ಷದಿಂದ ಮಾಳಿಗೆಯ ಮೇಲೆ ಅದೇ ಕುಣಿತ ಕಲಿತಿದ್ದರು. ಒಬ್ಬೊಬ್ಬಳಿಗೆ ಒಬ್ಬೊಬ್ಬಳ ಪಾಲು. ಕುಮುದಾಳದು ಮಿನ್ಹಿಯ ಪಾಲು. ಅಲ್ಲಿ ಆರಾದ ಮೇಲೆ ಇಲ್ಲಿಯೂ ಆರೇ ಆಗಬೇಕೆಂದು ಗೆಳತಿಯರು ತೀರ್ಮಾನಿಸಿದರು. ಜಗಳವಿಲ್ಲ, ಕೋಪವಿಲ್ಲ, ಅಸಲಿನಲ್ಲಿ ಇದ್ದ ಹಾಗೆ ಇರಬೇಕು, ಅಷ್ಟೇ. ಭಾನುವಾರ ಕಾಲೊನಿಯ ಕಾರ್ಯಕ್ರಮ. ವೇದಿಕೆಯ ಹಿಂದೆ ಕಟ್ಟುವ ದೊಡ್ಡ ಫೋಟೋ ಮಾಡಿಸಿಕೊಂಡು ಬರುವ ಕೆಲಸ ಅವಳಿಗೆ ಒಪ್ಪಿಸಿದ್ದರು. ಫೋಟೋದಲ್ಲಿ ಏಳು ಮಂದಿ ಇದ್ದರೆ ಕುಣಿಯುವುದಕ್ಕೂ ಏಳು ಮಂದಿ ಬೇಕಾಗುತ್ತಾರೆ ಎಂಬುದು ಅವಳ ಲೆಕ್ಕಾಚಾರ.

ಅಂಬಾದಾಸನಿಗೆ ಮೊದಲು ನಗು ಬಂತು, ಹಿಂದೆಯೇ ಪಾಪ ಎನಿಸಿತು. ಎಲ್ಲಿಯ ಕೊರಿಯಾ, ಎಲ್ಲಿಯ ಮೆಹದಿಪಟ್ಟಣಂ. ಅಲ್ಲಿ ಯಾರೋ ಬರೆದ ಎರಡು ಸಾಲಿಗೆ ಇಲ್ಲಿ ಒಬ್ಬಳ ಕಾಲು ಕಟ್ಟಿಹೋಗಿತ್ತು. ಅಸಲಿ ಫೋಟೋ ಎಲ್ಲರ ಫೋನಿನಲ್ಲೂ ಇರುತ್ತದೆ, ನೋಡಿದ ಕೂಡಲೇ ಸುಳ್ಳೆಂದು ಗೊತ್ತಾಗುತ್ತದೆ ಎಂದು ತಿಳಿಹೇಳಿದ.

"ಗೊತ್ತೈತ್ರಿ" ಎಂದಳು ಕುಮುದಾ. "ಮತ್ತೇನ್ ಮಾಡ್ಲಿ?"

ಅಂಬಾದಾಸ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಸಿಕ್ಕಿಸಿದ. ಫೋಟೋ ತೆರೆದ. ಕಂಪನಿಯೇ ಬಿಟ್ಟಿದ್ದ ದೊಡ್ಡ ಫೈಲು, ಕೂದಲೆಳೆ ಕೂಡ ಎಣಿಸುವಷ್ಟು ಸ್ಪಷ್ಟ. ಬಿಳಿ ಅಂಗಿ ತೊಟ್ಟ ಆರು ಹುಡುಗಿಯರು ಸಾಲಾಗಿ ನಿಂತಿದ್ದರು. ಒಬ್ಬೊಬ್ಬಳೂ ಎರಡೂ ಕೈಯಲ್ಲಿ ಎದೆಯ ಮುಂದೆ ಹೂಗೊಂಚಲು ಹಿಡಿದಿದ್ದಳು. ಏಳನೆಯವಳನ್ನು ಜೋಡಿಸಲು ಜಾಗ ನೋಡಬೇಕೆಂದು ಅಂಬಾದಾಸ ಕೊನೆಯವಳ ಹೆಗಲನ್ನು ದೊಡ್ಡದು ಮಾಡುತ್ತ ಹೋದವನು ಅಲ್ಲೇ ನಿಂತ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇಲ್ಲಿ ಬಾ. ಇದರಾಗ ಒಟ್ಟು ಎಷ್ಟು ಕೈ ಅವ, ಎಣಿಸು."

ಕುಮುದಾ ಬೆರಳಿಟ್ಟು ಎಣಿಸಿದಳು. ಹೂ ಹಿಡಿದ ಕೈಗಳು ಹನ್ನೆರಡು. ಕೊನೆಯವಳ ಹೆಗಲ ಮೇಲೆ, ಇಳಿಬಿದ್ದ ಕೂದಲಿನ ಮರೆಯಲ್ಲಿ, ನಾಲ್ಕು ಬೆರಳು ಉಳಿದಿದ್ದವು. ಫೋಟೋ ತೆಗೆದ ದಿನ ಅಲ್ಲೊಬ್ಬಳು ಗೆಳತಿಯ ಹೆಗಲಿಗೆ ಕೈ ಹಾಕಿ ನಿಂತಿದ್ದಳು. ಆಮೇಲೆ ಅಂಬಾದಾಸನ ಕಸುಬಿನವನೇ ಯಾರೋ ಅವಳನ್ನು ಅವಸರದಲ್ಲಿ ಅಳಿಸಿದ್ದ, ಕೂದಲಿನ ಕೆಳಗೆ ನೋಡಲು ಮರೆತಿದ್ದ. ತುದಿಯಲ್ಲಿ ನಿಂತವರನ್ನು ಅಳಿಸುವುದು ಐದು ನಿಮಿಷದ ಕೆಲಸ, ಅಂಬಾದಾಸನಿಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು. ತಾನು ಅಳಿಸಿದವರ ಮುಖಗಳು ನೆನಪಾಗಿ ಅವನಿಗೆ ಒಂಥರಾ ನಾಚಿಕೆಯಾಯಿತು. ಅದನ್ನು ನುಂಗಿಕೊಂಡು, ಜಾಗ ಸಿಕ್ಕಿತು, ಆ ಮಿನ್ಹಿಯದು ಬೇರೆ ಫೋಟೋ ಇದ್ದರೆ ಕೊಡು, ಅರ್ಧ ಗಂಟೆಯಲ್ಲಿ ನಿಲ್ಲಿಸಿಬಿಡುತ್ತೇನೆ ಎಂದ.

ಕುಮುದಾ ಆ ನಾಲ್ಕು ಬೆರಳಿನಿಂದ ಕಣ್ಣು ಕೀಳಲಿಲ್ಲ.

"ಬ್ಯಾಡ್ರಿ ಕಾಕಾ, ಆಕೀನ ಸೇರಿಸಬ್ಯಾಡ್ರಿ" ಎಂದಳು. "ಇದ್ದದ್ದನ್ನ ಇದ್ದಂಗ ದೊಡ್ಡದು ಮಾಡಿ ಕೊಡ್ರಿ. ಆರೇ ಮಂದಿ ಅಂತಾರಲ್ಲ ನಮ್ಮ ಗೆಳತ್ಯಾರು, ಈ ಕೈ ಯಾರದು ಅಂತ ಅವ್ರನ್ನ ಕೇಳ್ತೀನಿ."