ಸಕ್ಕರೆ ನೀರು

"ಅಮ್ಮಾ, ಸಿಹಿ ಸಿಹಿ ಇದೆ," ಎಂದಳು ನಾಲ್ಕು ವರ್ಷದ ಸ್ಪಂದನ, ಬೆರಳು ಚೀಪುತ್ತಾ. ಅವಳ ಮುಂದಿದ್ದದ್ದು ಇರುವೆಗಳಿಗೆಂದು ಇಟ್ಟ ಸಕ್ಕರೆ ನೀರಿನ ತಟ್ಟೆ. ಎಲ್ಲಿಂದಲೋ ಬಂದು ತೋಟಗಳಿಗೆಲ್ಲ ಹಬ್ಬಿದ್ದ ಹಳದಿ ಇರುವೆಗಳನ್ನು ಕೊಲ್ಲುವ ವೈರಸ್ಸನ್ನು ವತ್ಸಲಾ ಹೋದ ತಿಂಗಳಷ್ಟೇ ಕಂಡುಹಿಡಿದಿದ್ದಳು. ಅದರಿಂದ ಸತ್ತ ಇರುವೆಗಳನ್ನು ಅರೆದು ಆ ನೀರಿಗೆ ಬೆರೆಸಿದ್ದವಳೂ ಅವಳೇ.

ಶಾಲೆಗೆ ರಜೆಯೆಂದು ಮಗಳನ್ನು ಜ್ಞಾನಭಾರತಿ ಕ್ಯಾಂಪಸ್ಸಿನ ತನ್ನ ಲ್ಯಾಬಿಗೆ ಕರೆತಂದಿದ್ದಳು. ಈಗ ಅವಳನ್ನು ನಲ್ಲಿಯ ಕೆಳಗೆ ಬಗ್ಗಿಸಿ, "ಉಗಿ, ಇನ್ನೊಂದ್ಸಲ ಉಗಿಯೇ!" ಎಂದು ಕಿರುಚುತ್ತಾ ಆ ಪುಟ್ಟ ನಾಲಿಗೆಯನ್ನು ಉಜ್ಜಿದಳು. ಮಗು ಹೆದರಿ ಅಳತೊಡಗಿತು.

ಇರುವೆ ಡಬ್ಬಿಗಳನ್ನು ತೊಳೆಯುತ್ತಿದ್ದ ಭಾಗವ್ವ ಓಡಿಬಂದಳು. "ಮನಷ್ಯಾರಿಗೆ ಏನೂ ಆಗೂದಿಲ್ಲಂತ ನೀವ ಹೇಳಿದ್ರಲ್ರೀ ಮೇಡಂ?"

ಹೇಳಿದ್ದಳು. ಭಾಗವ್ವ ಕೈಗವಸು ಕೇಳಿದ ದಿನ, "ಇರುವೆ ಕಾಯಿಲೆ ನಿಂಗ್ಯಾಕೆ ಬರುತ್ತೆ, ನೀನೇನು ಇರುವೆನಾ?" ಎಂದು ನಕ್ಕಿದ್ದಳು. ಆ ಮಾತು ನಿಜವೆಂದು ಅವಳಿಗೆ ಈಗಲೂ ಗೊತ್ತಿತ್ತು. ಆದರೂ ಮಗಳ ಬಾಯಿಯನ್ನು ಮತ್ತೊಮ್ಮೆ ತೊಳೆದಳು.

ಮಗುವನ್ನು ಎತ್ತಿಕೊಳ್ಳಲು ಭಾಗವ್ವ ಒದ್ದೆ ಕೈ ಚಾಚಿದಳು. ವತ್ಸಲಾ ಮಗಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.

ಭಾಗವ್ವ ತನ್ನ ಎರಡೂ ಅಂಗೈಗಳನ್ನು ಹೊರಳಿಸಿ ನೋಡಿಕೊಂಡಳು.

"ಮೇಡಂ, ಇದ ಕೈಲೆ ನಾ ದಿನಾ ನನ್ನ ಕೂಸಿಗೆ ಉಣಸ್ತೀನ್ರೀ."