ಒಂದೂ ಹುಸಿಹೋಗದ ಪೆಟ್ಟಿಗೆ

ನೂರ ತೊಂಬತ್ತೊಂದನೆಯ ತೋಟಾ ಢಂ ಎಂದಿತು. ಅಕ್ಕ ಬೆಚ್ಚಿಬಿದ್ದಳು.

ಸ್ಟೋರ್‌ಕೀಪರ್‌ಗೆ ಅರ್ಥವಾಗದ್ದು ಇದೇ. ಮೂವತ್ತೆಂಟು ವರ್ಷ ಇದೇ ಶೆಡ್ಡಿನಲ್ಲಿ ಸೇನೆಯ ಹಳೆಯ ತೋಟಾಗಳನ್ನು ಹಾರಿಸಿ ಪರೀಕ್ಷಿಸಿ, ಎಲ್ಲರಿಗೂ ಅಕ್ಕ ಎನಿಸಿಕೊಂಡವಳು ಪಟಾಕಿ ಸದ್ದಿಗೆ ಎಳೆಗೂಸು ಬೆಚ್ಚುವ ಹಾಗೆ ಬೆಚ್ಚುವುದೆಂದರೇನು? ಬೇರೆ ಪೆಟ್ಟಿಗೆಗಳಿಗೆ ಅವಳು ಕಣ್ಣು ಕೂಡ ಮಿಟುಕಿಸುತ್ತಿರಲಿಲ್ಲ.

ತೋಟಾದ ಬುಡದಲ್ಲಿ ಅಂಗಿಗುಂಡಿಗಿಂತ ಚಿಕ್ಕದಾದ ಪ್ರೈಮರ್ ಇರುತ್ತದೆ. ಬಂದೂಕಿನ ಮೊಳೆ ಬಡಿದಾಗ ಅದರೊಳಗಿನ ಚಿಟಿಕೆ ಮದ್ದು ಕಿಡಿ ಕೊಡಬೇಕು. ಪೆಟ್ಟಿಗೆಯ ಇನ್ನೂರರಲ್ಲಿ ಇಪ್ಪತ್ತು ಹಾರಿಸಿ ನೋಡಿ, ಇಪ್ಪತ್ತೂ ಹಾರಿದರೆ ಅದಕ್ಕೆ ಇನ್ನೈದು ವರ್ಷ ಆಯುಸ್ಸು. ಆದರೆ ನಲವತ್ತು ವರ್ಷದ ಹಿಂದಿನ ಒಂದು ಲಾಟಿನ, ಅಂದರೆ ಒಟ್ಟಿಗೆ ತಯಾರಾದ ಒಂದು ಕಂತಿನ, ಪೆಟ್ಟಿಗೆ ಬಂದರೆ ಮಾತ್ರ ಅಕ್ಕ ಒಂದನ್ನೂ ಬಿಡುತ್ತಿರಲಿಲ್ಲ. ಮೇಲಿನವರು ಕಂಡೂ ಕಾಣದಂತಿದ್ದರು. ಅಂಥ ಪೆಟ್ಟಿಗೆಗಳಲ್ಲಿ ಇದು ಕೊನೆಯದು.

ಕಾರಣ ಶೆಡ್ಡಿಗೆಲ್ಲ ಗೊತ್ತು. ಹತ್ತೊಂಬತ್ತರ ಪ್ರಾಯದಲ್ಲಿ ಅಕ್ಕ ಕಾರ್ಖಾನೆಯಲ್ಲಿ ಪ್ರೈಮರ್‌ಗೆ ಮದ್ದು ತುಂಬುತ್ತಿದ್ದಳು. ಬೆನ್ನಿಗೆ ಹುಟ್ಟಿದ ತಮ್ಮ ಗಡಿಯಲ್ಲಿದ್ದ. ಒಂದು ಮುಂಜಾನೆ ಶತ್ರು ಎದುರಾದಾಗ ಅವನ ಬಂದೂಕು ಟಕ್ ಎಂದಿತು, ಅಷ್ಟೇ. ಎದುರಿನವನದು ಢಂ ಎಂದಿತು. ತಮ್ಮನ ತೋಟಾ ಅಕ್ಕ ಮದ್ದು ತುಂಬಿದ ಇದೇ ಲಾಟಿನದು. ಆ ಲಾಟಿನ ಮೇಲೆ ಬಂದ ದೂರು ಅದೊಂದೇ. ಜೌಗಿನಲ್ಲಿ ಮಲಗಿದ್ದನಲ್ಲ, ತೇವ ಹಿಡಿದಿರಬೇಕು ಎಂದು ವರದಿ ಬರೆದು ಮೇಲಿನವರು ಕೈತೊಳೆದುಕೊಂಡರು. ಅಕ್ಕನಿಗೆ ಅಷ್ಟು ಸುಲಭವಾಗಿ ಕೈತೊಳೆಯಲಾಗಲಿಲ್ಲ. ತೇವವೋ, ತನ್ನ ಕೈಯೋ? ಮದುವೆ ಬೇಡವೆಂದಳು. ನಗುವುದನ್ನು ಮರೆತಳು. ಪರೀಕ್ಷೆಯ ಕೆಲಸವನ್ನು ಕೇಳಿ ಪಡೆದಳು.

ನೂರ ತೊಂಬತ್ತಾರು. ಟಕ್.

ಸ್ಟೋರ್‌ಕೀಪರ್ ಒಂದು ಹೆಜ್ಜೆ ಹಿಂದೆ ಸರಿದ. ಹುಸಿಹೋದ ತೋಟಾ ತಡವಾಗಿ ಸಿಡಿಯುವುದೂ ಉಂಟು. ಬಂದೂಕು ಬಿಚ್ಚದೆ ಒಂದು ನಿಮಿಷ ಕಾಯಬೇಕು. ಅಕ್ಕ ಕಾದಳು. ತುಟಿ ಏನನ್ನೋ ಬೇಡಿಕೊಳ್ಳುತ್ತಿತ್ತು, ಬಿಳಿಚಿದ ಮುಖಕ್ಕೆ ರಕ್ತ ಏರಿತ್ತು. ಪಾಪ, ಜೀವ ಬಾಯಿಗೆ ಬಂದಿದೆ ಎಂದುಕೊಂಡ ಅವನು.

ನಿಮಿಷ ಕಳೆದು ಬಿಚ್ಚಿ ನೋಡಿದರೆ ಪ್ರೈಮರ್ ಮೇಲೆ ಮೊಳೆಯ ಗುರುತೇ ಸರಿಯಾಗಿ ಬಿದ್ದಿರಲಿಲ್ಲ.

“ಬಂದೂಕಿನ ಮೊಳೆ ಸವೆದಿದೆ ಅಕ್ಕಾ. ತೋಟಾದ್ದೇನೂ ತಪ್ಪಿಲ್ಲ.”

ಅದನ್ನೇ ಬೇರೆ ಬಂದೂಕಿಗೆ ಹಾಕಿ ಕುದುರೆ ಎಳೆದಳು. ಢಂ. ಅಕ್ಕ ಬೆಂಚಿಗೆ ಒರಗಿದಳು.

“ಇನ್ನೆಷ್ಟಿದೆ?”

“ನಾಲ್ಕೇ. ಬೇಕಾದ್ರೆ ನಾನು ಹಾರಿಸ್ತೀನಿ, ನೀವು ಕೂತ್ಕೊಳ್ಳಿ.”

“ಬೇಡ. ನಾನೇ ನೋಡ್ಬೇಕು.”

ನಾಲ್ಕೂ ಹಾರಿದವು.

ಸ್ಟೋರ್‌ಕೀಪರ್‌ಗೆ ತನ್ನ ಮಗಳು ಪಾಸಾದಷ್ಟು ಸಂತೋಷವಾಯಿತು. “ಇನ್ನೂರಕ್ಕೆ ಇನ್ನೂರು! ನಲವತ್ತು ವರ್ಷ ಮೂಲೇಲಿ ಬಿದ್ದಿದ್ರೂ ಒಂದೂ ಕೈಕೊಡ್ಲಿಲ್ಲ. ಕೈಗುಣ ಅಂದ್ರೆ ನಿಮ್ದು. ಅವತ್ತು ತೇವಾನೇ ಹಿಡಿದಿದ್ದು ಅಕ್ಕಾ. ಇನ್ನಾದ್ರೂ ಕಣ್ತುಂಬ ನಿದ್ದೆ ಮಾಡಿ.”

ಅಕ್ಕ ಬರಿದಾದ ಪೆಟ್ಟಿಗೆಯೊಳಗೆ ಕೈಹಾಕಿ ನಾಲ್ಕೂ ಮೂಲೆ ತಡವಿದಳು.

“ಅವನನ್ನ ರೈಲು ಹತ್ತಿಸೋ ಆತುರದಲ್ಲಿ ಒಂದಕ್ಕೆ ಮದ್ದೇ ಹಾಕದೆ ಮುಚ್ಚಿದ್ದೆ ಕಣಪ್ಪಾ, ಗೊತ್ತಾದ್ರೂ ಬಾಯಿ ಬಿಡ್ಲಿಲ್ಲ,” ಎಂದಳು. “ಅದು ಇಲ್ಲೇ ಎಲ್ಲಾದ್ರೂ ಸಿಗ್ಲಿ ಅಂತ ಇಷ್ಟು ವರ್ಷ ಹುಡುಕ್ತಿದ್ದೆ.”